ಗಣಕದ ಗಡಿಯಾರಕ್ಕೆ ಪರೀಕ್ಷೆ

ಮದುವೆ ಮುಂಜಿಗಳಿಗೆ ಮುಹೂರ್ತವನ್ನು ಗೊತ್ತುಮಾಡಿದ ಮೇಲೆ ಆ ಗಳಿಗೆಯು ಬಂದಿತೆಂಬುದನ್ನು ತಿಳಿಯಲು ಹಿಂದಿನವರು ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ನೀರು ತುಂಬಿದ ಅಗಲವಾದ ಪಾತ್ರೆಯ ಮೇಲೆ ತಾಮ್ರದ ಸಣ್ಣ ಬಟ್ಟಲೊಂದನ್ನು ತೇಲಬಿಡುವುದು ಪದ್ಧತಿ. ಬಟ್ಟಲಿನ ತಳದಲ್ಲಿ ಒಂದು ಸೂಕ್ಷ್ಮವಾದ ರಂಧ್ರ. ಅದರ ಮೂಲಕ ನೀರು ಮೆಲ್ಲಮೆಲ್ಲನೆ ಒಳಗೆ ಏರಿ, ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ ಕಳೆಯಿತೆಂದು ಲೆಕ್ಕ. ಒಂದು ಗಳಿಗೆಯೆಂದರೆ ಇಂದಿನ 24 ನಿಮಿಷ. ಹಗಲು ರಾತ್ರಿ ಕೂಡಿ ಅಂತಹ 60 ಗಳಿಗೆಗಳು.

ಈ ಬಟ್ಟಲಿನ ವಿಷಯವಾಗಿ ಒಂದು ಐತಿಹ್ಯವುಂಟು. ಹನ್ನೆರಡನೆಯ ಶತಮಾನದ ಮಹಾಗಣಿತಜ್ಞನಾದ ಭಾಸ್ಕರಾಚಾರ್ಯನು ತನ್ನ ಮಗಳು ಲೀಲಾವತಿಯ ವಿವಾಹಕ್ಕೆ ಒಂದೇ ಒಂದು ಶುಭಗಳಿಗೆಯಿದೆಯೆಂದು ಲೆಕ್ಕಹಾಕಿ, ಅದನ್ನು ತಿಳಿಯಲು ಬಟ್ಟಲನ್ನು ತೇಲಬಿಟ್ಟನಂತೆ. ಕುತೂಹಲವನ್ನು ತಡೆಯಲಾರದ ಹುಡುಗಿಯು ಬಗ್ಗಿ ನೋಡಿದಳು. ಆಕೆಯ ಆಭರಣದಿಂದ ಒಂದು ಸಣ್ಣ ಮುತ್ತು ಕಳಚಿ ಬಟ್ಟಲಿಗೆ ಬಿದ್ದು ರಂಧ್ರವನ್ನು ಮುಚ್ಚಿತು. ಮನೆಯವರೆಲ್ಲ ಬಟ್ಟಲು ಮುಳುಗುವುದನ್ನೇ ಕಾಯುತ್ತ ಕುಳಿತರು, ಮುಹೂರ್ತವು ಮೀರಿಹೋಯಿತು. ಅಕ್ಬರನ ಆಸ್ಥಾನದ ಕವಿಯಾದ ಫೈಜಿಯು 1587ರಲ್ಲಿ 'ಲೀಲಾವತಿ' ಗ್ರಂಥವನ್ನು ಪಾರಸಿ ಭಾಷೆಗೆ ತಂದಾಗ ಈ ಕಥೆಯನ್ನು ಹೇಳಿದ್ದಾನೆ. ಇದು ನಡೆದ ಸಂಗತಿಯೆಂದು ನಂಬಬೇಕಾಗಿಲ್ಲ. ಆದರೆ ಕಥೆಯನ್ನು ಕಟ್ಟಿದವನು ಗಡಿಯಾರಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವನಾಗಿರಬೇಕು. ಬಂಡಿಯ ಗಾಲಿ ಮುರಿದರೆ ಬಂಡಿ ನಿಲ್ಲುತ್ತದೆ. ದೀಪದ ಎಣ್ಣೆ ತೀರಿದರೆ ಕತ್ತಲಾಗುತ್ತದೆ. ಕೆಟ್ಟ ಬಟ್ಟಲಾದರೋ ಎಂದಿನಂತೆಯೇ ನೀರಿನ ಮೇಲೆ ತೇಲುತ್ತಿತ್ತು. ಅದು ತಪ್ಪು ಹೇಳುತ್ತಿದೆಯೆಂದು ಅದರ ಮುಖವನ್ನು ನೋಡಿ ತಿಳಿಯುವಂತಿರಲಿಲ್ಲ.

ಅಂಗಡಿಯವನ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರ್ಕಾರದ ಮುದ್ರೆ ಬೀಳುತ್ತದೆ. ಸವೆದ ಬಟ್ಟಿನಿಂದ ಗಿರಾಕಿಗೆ ಮೋಸವಾಗಬಾರದೆಂದು ಕಾಲಕಾಲಕ್ಕೆ ಅವನ್ನು ಒಳ್ಳೆಯ ಬಟ್ಟಿನೊಡನೆ ತೂಗಿ ನೋಡುತ್ತಾರೆ. ಗಡಿಯಾರದ ವಿಷಯದಲ್ಲಿ ಜನರು ಅಷ್ಟು ಎಚ್ಚರ ವಹಿಸುವುದಿಲ್ಲ. ಅದರಲ್ಲಿಯೂ ಗಣಕಯಂತ್ರವು ಪರದೆಯ ಮೇಲೆ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಅಂಕಿಯಲ್ಲಿ ತೋರಿಸಿಬಿಟ್ಟರೆ, ಅದನ್ನು ಪ್ರಶ್ನಿಸುವ ಧೈರ್ಯವೇ ಅನೇಕರಿಗೆ ಬರುವುದಿಲ್ಲ. ಓಟದ ಸ್ಪರ್ಧೆಯಲ್ಲಿ, ಆಸ್ಪತ್ರೆಯಲ್ಲಿ, ಪ್ರಯೋಗಶಾಲೆಯಲ್ಲಿ, ರೈಲಿನ ಸಂಕೇತಗಳಲ್ಲಿ, ಯುದ್ಧರಂಗದಲ್ಲಿ ಕೂಡ ಈಗ ಕಾಲಾಂತರವನ್ನು ಅಳೆಯುವುದು ಗಣಕವೇ. ಆದುದರಿಂದ ಅದರ ಗಡಿಯಾರವನ್ನು ಪರೀಕ್ಷಿಸುವ ಬಗೆಯನ್ನು ತಿಳಿಯುವುದು ಅಗತ್ಯ.

ಕಾಲವನ್ನಳೆಯುವ ಯಾವ ಸಾಧನದಲ್ಲಿಯೂ ಎರಡು ಅಂಗಗಳಿರುತ್ತವೆ. ಒಂದು, ಸಮನಾದ ಅಂತರದಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಕ್ರಿಯೆ. ಇನ್ನೊಂದು, ಆ ಕ್ರಿಯೆ ಎಷ್ಟು ಸಲ ನಡೆಯಿತೆಂದು ಎಣಿಸುವ ಏರ್ಪಾಡು. ಗಳಿಗೆ ಬಟ್ಟಲಿನಲ್ಲಿ ಮುಳುಗುವುದು ಕ್ರಿಯೆ. ಪಕ್ಕದಲ್ಲಿ ಕುಳಿತು ಎಣಿಸುತ್ತ ಜಾಗಟೆ ಬಾರಿಸುವವನು ಎಣಿಕೆಗಾರ. ಗೋಡೆಯ ಗಡಿಯಾರದಲ್ಲಿ ಲೋಲಕವು ತೂಗುತ್ತದೆ, ಹಲ್ಲಿನ ಚಕ್ರಗಳು ಎಣಿಸುತ್ತವೆ. ಇಂದಿನ ಕೈಗಡಿಯಾರದಲ್ಲಿ ಕ್ವಾರ್ಟ್ಜ್ ಎಂಬ ಸ್ಫಟಿಕದ ಅತಿ ಸಣ್ಣ ತುಂಡೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತವು ಉಳಿಯುತ್ತದೆ. ಗಣಕಯಂತ್ರದಲ್ಲಿಯೂ ಕಂಪಿಸುವುದು ಇಂತಹದೇ ಒಂದು ಸ್ಫಟಿಕ. ಎಣಿಸುವುದು ಮಾತ್ರ ಯಂತ್ರದ ಮಂಡಲಗಳು ಮತ್ತು ಯಾರೋ ಕುಳಿತು ಬರೆದ ಕ್ರಮವಿಧಿ, ಎಂದರೆ ಪ್ರೋಗ್ರಾಂ.

ತಪ್ಪು ಈ ಎರಡರಲ್ಲಿ ಎಲ್ಲಿ ಬೇಕಾದರೂ ನುಸುಳಬಹುದು. ಪರೀಕ್ಷಕನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದೇ.

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಕಾಲಮಾಪಕಕ್ಕೆ ಸೆಕೆಂಡಿಗೆ ಸುಮಾರು 11,93,182 ಮಿಡಿತಗಳು ಬರುತ್ತಿದ್ದವು. ಅಂತಹ 65,536 ಮಿಡಿತಗಳು ತುಂಬಿದಾಗ ಗಣಕವು ತನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಿತ್ತು. ಹಾಗೆ ಸೆಕೆಂಡಿಗೆ ಸುಮಾರು 18.2 ಗೆರೆಗಳು, ಒಂದು ಗೆರೆಗೂ ಮುಂದಿನದಕ್ಕೂ ನಡುವೆ ಸುಮಾರು 55 ಮಿಲಿಸೆಕೆಂಡುಗಳು. ಈ ಗೆರೆಗಳನ್ನು ಮಾತ್ರ ನೋಡುವ ಕ್ರಮವಿಧಿಯೊಂದು 10 ಮಿಲಿಸೆಕೆಂಡಿನ ಕೆಲಸವನ್ನು ಅಳೆಯಲು ಹೊರಟರೆ ಆಗುವುದೇನು? ನಡುವೆ ಗೆರೆ ಬೀಳದಿದ್ದರೆ ಉತ್ತರ ಸೊನ್ನೆ. ಅಕಸ್ಮಾತ್ತಾಗಿ ಬಿದ್ದರೆ ಉತ್ತರ 55. ಎರಡೂ ಸುಳ್ಳು. ಮೈಲಿಗಲ್ಲುಗಳನ್ನಷ್ಟೇ ನೋಡಿ ದಾರಿಯನ್ನಳೆಯುವವನು ತನ್ನ ಮನೆಯಿಂದ ಬಾವಿಗೆ ಎಷ್ಟು ದೂರವೆಂದು ಹೇಳಲಾರನಷ್ಟೆ. ಇದು ಸೂಕ್ಷ್ಮತೆಯ ಕೊರತೆ. ಇದಕ್ಕೆ ಪರಿಹಾರವೂ ಸುಲಭ: ಒಂದೇ ಕೆಲಸವನ್ನು ಸಾವಿರ ಸಲ ಮಾಡಿಸಿ, ಒಟ್ಟು ಕಾಲವನ್ನು ಅಳೆದು, ಸಾವಿರದಿಂದ ಭಾಗಿಸಿದರಾಯಿತು. ಒಂದು ಹಾಳೆಯ ದಪ್ಪವನ್ನು ತಿಳಿಯಲು ಪುಸ್ತಕದ ದಪ್ಪವನ್ನಳೆದು ಹಾಳೆಗಳ ಸಂಖ್ಯೆಯಿಂದ ಭಾಗಿಸುವ ಉಪಾಯವೇ ಇದು.

ಅದೇ ಗಣಕದಲ್ಲಿ ಇನ್ನೊಂದು ಬಗೆಯ ತಪ್ಪಿಗೂ ಎಡೆಯಿತ್ತು. ಕ್ರಮವಿಧಿಯನ್ನು ಬರೆಯುವವನು 18.2 ಎಂಬ ತೊಡಕಿನ ಸಂಖ್ಯೆ ಏಕೆಂದು 18 ಎಂದೇ ಇಟ್ಟುಕೊಂಡನೆನ್ನೋಣ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ವ್ಯತ್ಯಾಸವು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು. ಯಾರ ಕಣ್ಣಿಗೂ ಬೀಳದು. ಒಂದು ಗಂಟೆಯ ಕೊನೆಗೆ ಅದು 41 ಸೆಕೆಂಡು. ಇಲ್ಲಿ ಸ್ಫಟಿಕವು ನಿರಪರಾಧಿ. ತಪ್ಪಿದ್ದು ಎಣಿಕೆಗಾರನಲ್ಲಿ.

ಇಂದಿನ ಗಣಕಗಳು ಸೆಕೆಂಡಿನ ನೂರು ಕೋಟಿಯ ಒಂದು ಭಾಗವನ್ನೂ ಅಂಕಿಗಳಲ್ಲಿ ತೋರಿಸಬಲ್ಲವು. ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಸತ್ಯವೂ ಹೆಚ್ಚಿತೆಂದು ತಿಳಿಯಬಾರದು. ಸೂಕ್ಷ್ಮತೆ ಬೇರೆ, ನಿಖರತೆ ಬೇರೆ. ದರ್ಜಿಯ ಟೇಪಿನಲ್ಲಿ ಮಿಲಿಮೀಟರಿನ ಗೆರೆಗಳು ಅಂದವಾಗಿಯೇ ಇರಬಹುದು. ಎಳೆದೆಳೆದು ಟೇಪು ಹಿಗ್ಗಿದ್ದರೆ ಆ ಗೆರೆಗಳಿಂದ ಏನು ಪ್ರಯೋಜನ?

ಹಾಗಾದರೆ ನಿಖರತೆಯನ್ನು ಪರೀಕ್ಷಿಸುವುದು ಹೇಗೆ? ಗಡಿಯಾರವನ್ನು ಪರೀಕ್ಷಿಸಲು ಇನ್ನೊಂದು ಗಡಿಯಾರವೇ ಬೇಕು. ಅದು ಇದಕ್ಕಿಂತ ಉತ್ತಮವಾದುದಾಗಿರಬೇಕು. ಅದನ್ನು ಒರೆಗೆ ಹಚ್ಚಲು ಅದಕ್ಕಿಂತ ಉತ್ತಮವಾದುದು ಬೇಕು. ಈ ಸರಪಣಿಯ ಕೊನೆಯಲ್ಲಿರುವುದು ಸೀಸಿಯಂ ಪರಮಾಣುವಿನ ಗಡಿಯಾರ. ಆ ಪರಮಾಣುವಿಗೆ ಸಂಬಂಧಿಸಿದ ಒಂದು ವಿಕಿರಣದ 9,19,26,31,770 ಕಂಪನಗಳ ಕಾಲವೇ ಒಂದು ಸೆಕೆಂಡೆಂದು 1967ರಲ್ಲಿ ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡವು. ಭಾರತದ ಪ್ರಮಾಣಿತ ಕಾಲವನ್ನು ಕಾಪಾಡುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅಲ್ಲಿಯೂ ಇರುವುದು ಪರಮಾಣು ಗಡಿಯಾರಗಳೇ. ಅಲ್ಲಿಂದ ಹೊರಡುವ ಕಾಲವನ್ನು ನಂಬಿ ಶಾಲೆಯ ಗಣಕವನ್ನು ತಾಳೆ ನೋಡಬಹುದು.

ತಾಳೆ ನೋಡುವವನ ಬೆರಳಿಗೂ ಒಂದು ದೋಷವುಂಟು. ಸಂಕೇತವನ್ನು ಕಂಡು ಅಥವಾ ಕೇಳಿ ಗುಂಡಿಯನ್ನು ಒತ್ತುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಎರಡು ಭಾಗವು ಕಳೆದಿರುತ್ತದೆ. ಇದನ್ನು ಪೂರ್ತಿಯಾಗಿ ನಿವಾರಿಸುವುದು ಸಾಧ್ಯವಿಲ್ಲ. ಆದರೆ ಪರೀಕ್ಷೆಯ ಅವಧಿ ಎಷ್ಟೇ ದೀರ್ಘವಾದರೂ ಬೆರಳಿನ ದೋಷವು ಅಷ್ಟೇ ಇರುತ್ತದೆ. ಗಡಿಯಾರದ ದೋಷವಾದರೋ ಅವಧಿಯೊಡನೆ ಬೆಳೆಯುತ್ತದೆ. ಪರೀಕ್ಷೆಯ ಗುಟ್ಟೆಲ್ಲ ಇದರಲ್ಲಿಯೇ ಇದೆ. ಒಂದು ಸಾಮಾನ್ಯ ಸ್ಫಟಿಕವು ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗದಷ್ಟು ತಪ್ಪುತ್ತದೆಯೆಂದು ಇಟ್ಟುಕೊಂಡರೆ, ಹತ್ತು ಸೆಕೆಂಡಿನಲ್ಲಿ ಅದರ ದೋಷವು ಸೆಕೆಂಡಿನ ಹತ್ತು ಸಾವಿರದ ಎರಡು ಭಾಗ ಮಾತ್ರ. ಬೆರಳಿನ ದೋಷವು ಅದಕ್ಕಿಂತ ಸಾವಿರ ಪಾಲು ದೊಡ್ಡದು. ಅದರ ಮರೆಯಲ್ಲಿ ಗಡಿಯಾರದ ದೋಷವು ಅಡಗಿಯೇ ಹೋಗುತ್ತದೆ. ಅದೇ ಗಡಿಯಾರವನ್ನು ಒಂದು ದಿನ ನಡೆಯಗೊಟ್ಟರೆ 86,400 ಸೆಕೆಂಡಿಗೆ ಸುಮಾರು 1.7 ಸೆಕೆಂಡಿನ ವ್ಯತ್ಯಾಸವು ಕಾಣುತ್ತದೆ. ತಿಂಗಳಿಗೆ ಸುಮಾರು 52 ಸೆಕೆಂಡು. ಈಗ ಬೆರಳಿನ ದೋಷವೇ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಹತ್ತು ಸೆಕೆಂಡು ಓಡಿಸಿ, "ಎರಡೂ ಒಂದೇ ತೋರಿಸಿದವು, ಗಡಿಯಾರ ಸರಿಯಿದೆ" ಎನ್ನುವವರು ಬಹು ಮಂದಿ. ಅವರು ಗಡಿಯಾರವನ್ನು ಪರೀಕ್ಷಿಸಿಲ್ಲ. ತಮ್ಮ ಬೆರಳನ್ನು ಪರೀಕ್ಷಿಸಿಕೊಂಡಿದ್ದಾರೆ.

ಗಣಕವನ್ನು ಪರೀಕ್ಷಿಸುವಾಗ ಇನ್ನೂ ಎರಡು ಸಂಗತಿಗಳಲ್ಲಿ ಎಚ್ಚರ ಬೇಕು. "ಒಂದು ಸೆಕೆಂಡು ಕಾಯಿ" ಎಂದು ಯಂತ್ರಕ್ಕೆ 3,600 ಸಲ ಹೇಳಿದರೆ ಒಂದು ಗಂಟೆಯಾಗಬೇಕೆಂಬುದು ಕಾಗದದ ಮೇಲಿನ ಲೆಕ್ಕ. ಗಣಕಕ್ಕೆ ಬೇರೆ ಕೆಲಸಗಳೂ ಇರುತ್ತವೆ. ಪ್ರತಿ ಸಲವೂ ಅದು ಒಂದು ಮಿಲಿಸೆಕೆಂಡು ತಡವಾಗಿ ಎಚ್ಚೆತ್ತರೂ ಗಂಟೆಯ ಕೊನೆಗೆ 3.6 ಸೆಕೆಂಡಿನ ಸಾಲವು ಬೆಳೆದಿರುತ್ತದೆ. ಆದುದರಿಂದ ಕಾಯುವಿಕೆಗಳನ್ನು ಕೂಡಿಸುತ್ತ ಹೋಗದೆ, ಮೊದಲಿಗೊಮ್ಮೆ ಮತ್ತು ಕೊನೆಗೊಮ್ಮೆ ಗಡಿಯಾರವನ್ನು ಓದಿ ಒಂದರಿಂದ ಇನ್ನೊಂದನ್ನು ಕಳೆಯುವುದು ಸರಿಯಾದ ಕ್ರಮ. ಎರಡನೆಯದಾಗಿ, ಇಂದಿನ ಗಣಕಗಳು ಜಾಲದ ಮೂಲಕ ಹೊರಗಿನ ಉತ್ತಮ ಗಡಿಯಾರಗಳನ್ನು ವಿಚಾರಿಸಿ ತಮ್ಮ ವೇಳೆಯನ್ನು ತಾವೇ ತಿದ್ದಿಕೊಳ್ಳುತ್ತವೆ. ಪರೀಕ್ಷೆಯ ನಡುವೆ ಹೀಗೆ ತಿದ್ದಿಕೊಂಡರೆ, ಅದು ಪಕ್ಕದವನ ಉತ್ತರವನ್ನು ನೋಡಿ ಬರೆದ ವಿದ್ಯಾರ್ಥಿಗೆ ಅಂಕ ಕೊಟ್ಟಂತೆ. ಅಲ್ಲದೆ, ಕಾಲಾಂತರವನ್ನಳೆಯುತ್ತಿರುವಾಗ ವೇಳೆಯು ಥಟ್ಟನೆ ಹಿಂದಕ್ಕೋ ಮುಂದಕ್ಕೋ ಜಿಗಿದರೆ ಉತ್ತರವು ಅಪದ್ಧವಾಗುತ್ತದೆ. ಈ ಕಾರಣದಿಂದಲೇ ಗಣಕಗಳಲ್ಲಿ ದಿನದ ವೇಳೆಯನ್ನು ಹೇಳುವ ಗಡಿಯಾರವೊಂದು, ಹಿಂದಕ್ಕೆ ತಿರುಗದೆ ಒಂದೇ ಸಮನೆ ಮುಂದಕ್ಕೆ ಎಣಿಸುವ ಗಡಿಯಾರ ಇನ್ನೊಂದು, ಹೀಗೆ ಎರಡನ್ನು ಇಟ್ಟಿರುತ್ತಾರೆ.

ಪರೀಕ್ಷೆಯಿಂದ ದೋಷವು ಗೊತ್ತಾಯಿತು. ಇನ್ನು ಆ ಗಡಿಯಾರವನ್ನು ಬಿಸಾಡಬೇಕೇ? ಬೇಕಾಗಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ಇಂಗ್ಲೆಂಡಿನ ಜಾನ್ ಹ್ಯಾರಿಸನ್. ನಡುಸಮುದ್ರದಲ್ಲಿ ಹಡಗು ಪೂರ್ವಪಶ್ಚಿಮವಾಗಿ ಎಲ್ಲಿದೆಯೆಂದು ತಿಳಿಯಬೇಕಾದರೆ, ಹೊರಟ ಊರಿನಲ್ಲಿ ಈಗ ಎಷ್ಟು ಗಂಟೆಯೆಂಬುದು ತಿಳಿದಿರಬೇಕು. ನಾಲ್ಕು ನಿಮಿಷದ ತಪ್ಪಿಗೆ ಒಂದು ಡಿಗ್ರಿಯ ತಪ್ಪು. ಇದರಿಂದ ಎಷ್ಟೋ ಹಡಗುಗಳು ಬಂಡೆಗಳಿಗೆ ಅಪ್ಪಳಿಸಿದ್ದವು. ಅರ್ಧ ಡಿಗ್ರಿಯೊಳಗೆ ಸ್ಥಳವನ್ನು ತಿಳಿಸುವ ಉಪಾಯಕ್ಕೆ 20,000 ಪೌಂಡುಗಳ ಬಹುಮಾನವೆಂದು 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಾರಿತು. ಬಡಗಿಯ ಮಗನಾದ ಹ್ಯಾರಿಸನ್ನನು ತನ್ನ ಜೀವಮಾನವನ್ನೇ ಇದಕ್ಕೆ ಮುಡಿಪಾಗಿಟ್ಟು ನಾಲ್ಕನೆಯ ಪ್ರಯತ್ನದಲ್ಲಿ ಅಂಗೈಯಗಲದ ಒಂದು ಗಡಿಯಾರವನ್ನು ನಿರ್ಮಿಸಿದನು. 1761ರ ನವೆಂಬರಿನಲ್ಲಿ ಅವನ ಮಗ ವಿಲಿಯಂ ಅದನ್ನು ಡೆಪ್ಟ್‌ಫರ್ಡ್ ಎಂಬ ಹಡಗಿನಲ್ಲಿ ಜಮೈಕಾಕ್ಕೆ ಒಯ್ದನು. ಹಡಗಿನ ಕುಲುಕಾಟ, ಉಪ್ಪುಗಾಳಿ, ಸೆಕೆ ಚಳಿಗಳನ್ನೆಲ್ಲ ತಾಳಿಕೊಂಡು 81 ದಿನಗಳು ನಡೆದ ಆ ಗಡಿಯಾರದಲ್ಲಿ ಕಂಡ ವ್ಯತ್ಯಾಸವು ಐದು ಸೆಕೆಂಡಿಗಿಂತ ತುಸು ಹೆಚ್ಚು.

ಇದು ಗಡಿಯಾರದ ಮುಳ್ಳು ನೇರವಾಗಿ ತೋರಿಸಿದ ವ್ಯತ್ಯಾಸವಲ್ಲ. ಆ ಗಡಿಯಾರವು ದಿನಕ್ಕೆ ಎರಡೂ ಮುಕ್ಕಾಲು ಸೆಕೆಂಡಿನ ಹತ್ತಿರ ಹತ್ತಿರ ಹಿಂದೆ ಬೀಳುತ್ತಿತ್ತು. ಆದರೆ ಪ್ರತಿದಿನವೂ ಅಷ್ಟೇ ಹಿಂದೆ ಬೀಳುತ್ತಿತ್ತು! ಆ ದಿನವಹಿ ನಡೆಯನ್ನು ಕೂಡಿಸಿಕೊಂಡ ಮೇಲೆ ಉಳಿದದ್ದು ಐದು ಸೆಕೆಂಡು. ತಿಳಿದಿರುವ, ಬದಲಾಗದ ದೋಷವನ್ನು ಲೆಕ್ಕದಲ್ಲಿ ಕಳೆದುಬಿಡಬಹುದು. ದಿನಕ್ಕೊಂದು ಬಗೆಯಾಗಿ ನಡೆಯುವ ಗಡಿಯಾರಕ್ಕೆ ಮದ್ದಿಲ್ಲ. ಆದರೂ ಬಹುಮಾನದ ಮಂಡಲಿಯು ಸುಲಭವಾಗಿ ಒಪ್ಪಲಿಲ್ಲ. ಈ ನಡೆಯನ್ನು ಹೊರಡುವ ಮೊದಲೇ ಏಕೆ ತಿಳಿಸಲಿಲ್ಲವೆಂದು ಕೇಳಿತು. ಮಂಡಲಿಯು ಹ್ಯಾರಿಸನ್ನನನ್ನು ಬಹಳ ಕಾಡಿತೆಂಬುದು ನಿಜ. ಆದರೆ ಈ ಒಂದು ಪ್ರಶ್ನೆ ಮಾತ್ರ ನ್ಯಾಯವಾದುದು. ಉತ್ತರವನ್ನು ನೋಡಿದ ಮೇಲೆ ತಿದ್ದಿದ ಲೆಕ್ಕವನ್ನು ಪರೀಕ್ಷೆಯೆನ್ನಲಾಗದು. ಎರಡನೆಯ ಸಲ, 1764ರಲ್ಲಿ, ವಿಲಿಯಂ ಗಡಿಯಾರದ ನಡೆಯನ್ನು ಮೊದಲೇ ಸಾರಿ ಬಾರ್ಬಡೋಸ್ ದ್ವೀಪಕ್ಕೆ ಪ್ರಯಾಣ ಮಾಡಿದನು. ಆಗ ವ್ಯತ್ಯಾಸವು 39 ಸೆಕೆಂಡು. ಮೊದಲಿಗಿಂತ ಹೆಚ್ಚೆಂದು ತೋರಿದರೂ ಬಹುಮಾನಕ್ಕೆ ಬೇಕಾಗಿದ್ದ ಎರಡು ನಿಮಿಷಗಳ ಮಿತಿಗಿಂತ ಬಹಳ ಒಳಗೆ. ಮೇಲಾಗಿ ಯಾರೂ ಎದುರು ಮಾತನಾಡಲಾರದಂತಹ ಪರೀಕ್ಷೆ.

ಹ್ಯಾರಿಸನ್ನನ ಗಡಿಯಾರವನ್ನು ಅದು ದುಡಿಯಬೇಕಾದ ಸಮುದ್ರದಲ್ಲಿಯೇ, ದುಡಿಯಬೇಕಾದಷ್ಟು ದಿನ ಇಟ್ಟು ಪರೀಕ್ಷಿಸಿದರು. ಈ ನಿಯಮವನ್ನು ಪಾಲಿಸದಿದ್ದುದರಿಂದ ಇನ್ನೂರು ವರ್ಷಗಳ ಮೇಲೆ ಒದಗಿದ ಒಂದು ದುರಂತವನ್ನು ಈಗ ನೋಡೋಣ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕು ಹಾರಿಸುತ್ತಿದ್ದ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲಿಯೇ ತಡೆಯಲು ಅಮೆರಿಕದ ಸೈನ್ಯವು ಪೇಟ್ರಿಯಟ್ ಎಂಬ ವ್ಯವಸ್ಥೆಯನ್ನು ಹೂಡಿತ್ತು. ಅದರ ರೇಡಾರ್ ಆಕಾಶದಲ್ಲಿ ಒಂದು ವಸ್ತುವನ್ನು ಕಾಣುತ್ತದೆ. ಆ ವಸ್ತುವು ಕ್ಷಿಪಣಿಯೇ ಆಗಿದ್ದರೆ, ಅದರ ವೇಗವನ್ನೂ ಕಾಲವನ್ನೂ ಹಿಡಿದು ಲೆಕ್ಕಹಾಕಿದಾಗ, ಮುಂದಿನ ಕ್ಷಣದಲ್ಲಿ ಅದು ಆಕಾಶದ ಇಂತಹ ಭಾಗದಲ್ಲಿರಬೇಕು. ರೇಡಾರ್ ಆ ಭಾಗವನ್ನು ಮಾತ್ರ, ಒಂದು ಕಿಟಕಿಯ ಮೂಲಕ ನೋಡಿದಂತೆ, ನೋಡುತ್ತದೆ. ಅಲ್ಲಿ ವಸ್ತುವು ಕಂಡರೆ ಎದುರು ಕ್ಷಿಪಣಿಯು ಹಾರುತ್ತದೆ. ಕಾಣದಿದ್ದರೆ ಮೊದಲು ಕಂಡದ್ದು ಭ್ರಮೆಯೆಂದು ಯಂತ್ರವು ಬಿಟ್ಟುಬಿಡುತ್ತದೆ. ಸ್ಕಡ್ಡಿನ ವೇಗವು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು. ಕಾಲದ ಲೆಕ್ಕವು ತುಸು ತಪ್ಪಿದರೂ ಕಿಟಕಿಯು ಬೇರೆ ದಿಕ್ಕಿಗೆ ತೆರೆಯುತ್ತದೆ.

ಪೇಟ್ರಿಯಟ್ಟಿನ ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಎಣಿಕೆಯು ಪೂರ್ಣ ಸಂಖ್ಯೆ, ಅದರಲ್ಲಿ ದೋಷವಿಲ್ಲ. ಆ ಎಣಿಕೆಯನ್ನು ಸೆಕೆಂಡುಗಳಿಗೆ ತರಲು ಹತ್ತನೆಯ ಒಂದರಿಂದ ಗುಣಿಸಬೇಕಷ್ಟೆ. ತೊಡಕು ಇಲ್ಲಿತ್ತು. ಮನುಷ್ಯರ ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ 33 ಪೈಸೆಯಾಗಿ ಒಂದು ಪೈಸೆ ಉಳಿದೇ ಉಳಿಯುತ್ತದೆ. ಗಣಕವು ಬಳಸುವುದು ಸೊನ್ನೆ ಮತ್ತು ಒಂದು ಮಾತ್ರವಿರುವ ದ್ವಿಮಾನ ಪದ್ಧತಿ. ಅದರಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಇವು ಸಲೀಸಾಗಿ ಬರುತ್ತವೆ. ಹತ್ತನೆಯ ಒಂದು ಭಾಗವು ಬರುವುದಿಲ್ಲ. ಹದಿನಾರರಲ್ಲೊಂದು, ಅದಕ್ಕೆ ಮೂವತ್ತೆರಡರಲ್ಲೊಂದು, ಅದಕ್ಕೆ ಇನ್ನೂರೈವತ್ತಾರರಲ್ಲೊಂದು ಎಂದು ಕೂಡಿಸುತ್ತ ಹೋದರೆ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಮುಟ್ಟುವುದಿಲ್ಲ. 0.000110011001100 ಎಂದು ಆ ಸಾಲು ಅನಂತವಾಗಿ ಓಡುತ್ತದೆ. ಪೇಟ್ರಿಯಟ್ಟಿನ ಗಣಕದಲ್ಲಿ 24 ಸ್ಥಾನಗಳಷ್ಟೇ ಇದ್ದವು. ಉಳಿದುದನ್ನು ಕತ್ತರಿಸಿಬಿಟ್ಟಿದ್ದರು. ಹಾಗೆ ಕತ್ತರಿಸಿದ ಚೂರು ಎಷ್ಟು ಎಂದರೆ, ಒಂದೊಂದು ಎಣಿಕೆಗೆ ಸೆಕೆಂಡಿನ 0.000000095 ಭಾಗ.

ಇಷ್ಟು ಸಣ್ಣದನ್ನು ಯಾರು ಲೆಕ್ಕಿಸುತ್ತಾರೆ? ಆದರೆ ಹನಿಹನಿಗೂಡಿದರೆ ಹಳ್ಳ. ಸೌದಿ ಅರೇಬಿಯಾದ ದಹ್ರಾನ್ ನಗರದಲ್ಲಿದ್ದ ಒಂದು ಪೇಟ್ರಿಯಟ್ ಘಟಕವನ್ನು ನಿಲ್ಲಿಸದೆ ನೂರು ಗಂಟೆಗಳಿಗೂ ಮೀರಿ ನಡೆಸಿದ್ದರು. ನೂರು ಗಂಟೆಗಳೆಂದರೆ ಸೆಕೆಂಡಿನ ಹತ್ತನೆಯ ಭಾಗಗಳು 36 ಲಕ್ಷ. ಅಷ್ಟು ಚೂರುಗಳು ಕೂಡಿ 0.34 ಸೆಕೆಂಡಾಗಿತ್ತು. ಆ ಅವಧಿಯಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿಬಿಡುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೂರು ಗಂಟೆಗೆ 0.34 ಸೆಕೆಂಡೆಂದರೆ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟೂ ಇಲ್ಲ. ಮೊದಲು ಹೇಳಿದ ಸಾಮಾನ್ಯ ಸ್ಫಟಿಕದ ಕೈಗಡಿಯಾರವು ಅದೇ ಅವಧಿಯಲ್ಲಿ ಏಳು ಸೆಕೆಂಡು ತಪ್ಪಿರುತ್ತಿತ್ತು. ಹಾಗಿರುವಾಗ ಇದರಿಂದ ಅನಾಹುತವಾದುದೇಕೆ? ಕಾಲಾಂತರವೆಂದರೆ ಎರಡು ಓದುಗಳ ವ್ಯತ್ಯಾಸ. ಎರಡು ಓದುಗಳೂ ಒಂದೇ ಬಗೆಯಾಗಿ ತಪ್ಪಿದ್ದರೆ, ಕಳೆದಾಗ ತಪ್ಪು ತಪ್ಪನ್ನು ತಿನ್ನುತ್ತದೆ. ಉತ್ತರವು ಬಹುಮಟ್ಟಿಗೆ ಸರಿಯಾಗಿಯೇ ಬರುತ್ತದೆ. ಊರಿನ ಗಡಿಯಾರವು ಹತ್ತು ನಿಮಿಷ ಹಿಂದಿದ್ದರೂ ಅದನ್ನೇ ನೋಡಿ ಪಾಠವನ್ನು ಆರಂಭಿಸಿ ಅದನ್ನೇ ನೋಡಿ ಮುಗಿಸಿದರೆ ಪಾಠವು ನಲವತ್ತು ನಿಮಿಷವೇ ನಡೆದಿರುತ್ತದೆ. ಒಂದು ಗಡಿಯಾರವನ್ನು ನೋಡಿ ಆರಂಭಿಸಿ ಇನ್ನೊಂದನ್ನು ನೋಡಿ ಮುಗಿಸಿದರೆ ಮಾತ್ರ ಎಡವಟ್ಟು. ಪೇಟ್ರಿಯಟ್ಟಿನಲ್ಲಿ ನಡೆದುದು ಇದೇ ಎಂಬುದನ್ನು ರಾಬರ್ಟ್ ಸ್ಕೀಲ್ ಎಂಬ ಗಣಿತಜ್ಞನು 1992ರಲ್ಲಿ ವಿವರಿಸಿದನು. ಕಾಲದ ಲೆಕ್ಕವನ್ನು ಹೆಚ್ಚು ನಿಖರಗೊಳಿಸುವ ತಿದ್ದುಪಡಿಯೊಂದನ್ನು ಕ್ರಮವಿಧಿಯ ಕೆಲವು ಕಡೆಗಳಲ್ಲಿ ಸೇರಿಸಿದ್ದರು, ಎಲ್ಲ ಕಡೆಗಳಲ್ಲಿ ಸೇರಿಸಿರಲಿಲ್ಲ. ಹೀಗಾಗಿ ಒಂದು ಓದು ಸರಿಯಾದುದು, ಇನ್ನೊಂದು ತಪ್ಪಾದುದು. ಕಳೆದಾಗ ತಪ್ಪೆಲ್ಲ ಹಾಗೆಯೇ ಉಳಿಯಿತು. ಅರ್ಧ ತಿದ್ದಿದ ಯಂತ್ರವು ಸ್ವಲ್ಪವೂ ತಿದ್ದದ ಯಂತ್ರಕ್ಕಿಂತ ಅಪಾಯಕಾರಿಯಾಯಿತು.

ಪರೀಕ್ಷೆಯಲ್ಲಿ ಇದು ಏಕೆ ಕಾಣಲಿಲ್ಲ? ಪೇಟ್ರಿಯಟ್ ಮೊದಲಿಗೆ ಯೂರೋಪಿನ ರಣರಂಗಕ್ಕೆಂದು ರೂಪಿಸಿದ್ದು. ಅಲ್ಲಿ ಅದು ಶತ್ರುವಿಗೆ ಸುಳಿವು ಸಿಗದಂತೆ ಜಾಗದಿಂದ ಜಾಗಕ್ಕೆ ಸಾಗುತ್ತ, ಒಂದೆಡೆ ಕೆಲವು ಗಂಟೆಗಳು ಮಾತ್ರ ದುಡಿಯಬೇಕೆಂಬುದು ಎಣಿಕೆ. ಪ್ರತಿ ಸಲ ಯಂತ್ರವನ್ನು ಹೊಸದಾಗಿ ಚಾಲನೆ ಮಾಡಿದಾಗಲೂ ಎಣಿಕೆಯು ಸೊನ್ನೆಯಿಂದ ಆರಂಭವಾಗಿ, ಕೂಡಿದ್ದ ತಪ್ಪು ಅಳಿಸಿಹೋಗುತ್ತಿತ್ತು. ಒಂದು ಗಂಟೆಯಲ್ಲಿ ಕೂಡುವ ತಪ್ಪು ಸೆಕೆಂಡಿನ ಸಾವಿರದ ಮೂರೂವರೆ ಭಾಗವಷ್ಟೆ. ದಿನಗಟ್ಟಲೆ ಒಂದೇ ಕಡೆ ನಿಂತು ಒಂದು ನಗರವನ್ನು ಕಾಯುವ ಕೆಲಸವು ಅದಕ್ಕೆ ಆಮೇಲೆ ಬಂದುದು. ಕೆಲಸವು ಬದಲಾಯಿತು, ಪರೀಕ್ಷೆಯು ಬದಲಾಗಲಿಲ್ಲ.

ಸುಳಿವೇ ಸಿಗಲಿಲ್ಲವೆಂದೂ ಹೇಳುವಂತಿಲ್ಲ. ಫೆಬ್ರವರಿ 11ರಂದು ಇಸ್ರೇಲಿನವರು ತಮ್ಮಲ್ಲಿದ್ದ ಪೇಟ್ರಿಯಟ್ಟಿನ ಅಂಕಿಅಂಶಗಳನ್ನು ಅಮೆರಿಕದವರಿಗೆ ಒಪ್ಪಿಸಿದರು. ಎಂಟು ಗಂಟೆಗಳು ಸತತವಾಗಿ ನಡೆಸಿದರೆ ಕಿಟಕಿಯು ನೂರಕ್ಕೆ ಇಪ್ಪತ್ತರಷ್ಟು ಸರಿಯುತ್ತದೆಯೆಂಬುದು ಅದರಿಂದ ತಿಳಿಯಿತು. ಬೇರೆಯವರು ಅಷ್ಟು ದೀರ್ಘಕಾಲ ಯಂತ್ರವನ್ನು ನಡೆಸುತ್ತಿರಲಾರರೆಂದು ಅಧಿಕಾರಿಗಳು ಭಾವಿಸಿದರು. 16ರಂದು ತಿದ್ದಿದ ಕ್ರಮವಿಧಿಯು ಸಿದ್ಧವಾಗಿ ಹೊರಟಿತು. ಯುದ್ಧಕಾಲದ ಸಾಗಣೆಯಲ್ಲಿ ಅದು ಎಲ್ಲ ಘಟಕಗಳನ್ನು ಮುಟ್ಟಲು ದಿನಗಳು ಹಿಡಿದವು. 21ರಂದು ಘಟಕಗಳಿಗೆ ಒಂದು ಸಂದೇಶವು ಹೋಯಿತು: ಯಂತ್ರವನ್ನು ಬಹು ದೀರ್ಘಕಾಲ ನಡೆಸಿದರೆ ಕಿಟಕಿಯು ಸರಿಯಬಹುದು. ಬಹು ದೀರ್ಘಕಾಲವೆಂದರೆ ಎಷ್ಟು ಗಂಟೆಗಳೆಂದು ಆ ಸಂದೇಶದಲ್ಲಿ ಬರೆದಿರಲಿಲ್ಲ. ಅಳತೆಯ ಮಾತಿನಲ್ಲಿ ಅಂಕಿಯನ್ನು ಬಿಟ್ಟರೆ ಇನ್ನೇನು ಉಳಿಯಿತು? ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡುವುದು ಒಂದೆರಡು ನಿಮಿಷದ ಕೆಲಸ.

ಫೆಬ್ರವರಿ 25ರ ರಾತ್ರಿ ಒಂದು ಸ್ಕಡ್ ದಹ್ರಾನಿನ ಕಡೆಗೆ ಬಂದಿತು. ರೇಡಾರ್ ಅದನ್ನು ಕಂಡಿತು. ಗಣಕವು ಲೆಕ್ಕಹಾಕಿ ಕಿಟಕಿಯನ್ನು ತೆರೆಯಿತು. ಅಲ್ಲಿ ಬರಿಯ ಆಕಾಶವಿತ್ತು. ಎದುರು ಕ್ಷಿಪಣಿಯು ಹಾರಲಿಲ್ಲ. ಸ್ಕಡ್ ಬಿದ್ದದ್ದು ಸೈನಿಕರು ತಂಗಿದ್ದ ಒಂದು ದಾಸ್ತಾನು ಕಟ್ಟಡದ ಮೇಲೆ. 28 ಮಂದಿ ಮಡಿದರು. ಸುಮಾರು ನೂರು ಮಂದಿ ಗಾಯಗೊಂಡರು. ಸತ್ತವರಲ್ಲಿ 13 ಮಂದಿ ಪೆನ್ಸಿಲ್ವೇನಿಯಾ ರಾಜ್ಯದಿಂದ ಬಂದ ಒಂದೇ ತುಕಡಿಯವರು. ಅವರ ಕೆಲಸ ಸೈನ್ಯಕ್ಕೆ ಕುಡಿಯುವ ನೀರನ್ನು ಶುದ್ಧಮಾಡಿ ಕೊಡುವುದು. ಅವರು ಆ ದೇಶಕ್ಕೆ ಬಂದು ಇನ್ನೂ ಒಂದು ವಾರವೂ ಆಗಿರಲಿಲ್ಲ.

ತಿದ್ದಿದ ಕ್ರಮವಿಧಿಯು ದಹ್ರಾನನ್ನು ತಲುಪಿದ್ದು ಮರುದಿನ, ಫೆಬ್ರವರಿ 26ರಂದು.